ಸರ್ವರ್ ಜೊತೆ ಎರಡು ಮಾತು

“ಸರ್ವರ್ ಇಲ್ಲ, ನಾಳೆ ಬನ್ನಿ.” ಪಡಿತರಕ್ಕೆ ಹೆಬ್ಬೆಟ್ಟು ಒತ್ತಿದವರು, ಪಹಣಿಗೆ ಸಾಲಿನಲ್ಲಿ ನಿಂತವರು ಈ ಮಾತು ಕೇಳಿಯೇ ಇರುತ್ತಾರೆ. ಸರ್ವರ್ ಎಂಬ ಪದ ಹಳ್ಳಿಹಳ್ಳಿಗೂ ಗೊತ್ತು, ಆದರೆ ಅದು ಕೈಕೊಟ್ಟಾಗ ಮಾತ್ರ. ಸರಿಯಾಗಿ ಓಡುವಾಗ ಅಲ್ಲಿ ಏನು ನಡೆಯುತ್ತದೆ ಎಂದು ಕಂಡವರು ಕಡಿಮೆ. ನಡೆಯುವುದು ಒಂದು ಸಂಭಾಷಣೆ. ತಾಳಮದ್ದಳೆಯ ರಸಿಕರು ಅರ್ಥಧಾರಿಗಳ ಮಾತಿನ ವರಸೆ ಹಿಡಿಯುವ ಹಾಗೆ ಇದನ್ನೂ ಸಾಲುಸಾಲಾಗಿ ಸವಿಯಬಹುದು. ಅಲ್ಲಿಯಂತೆ ಇಲ್ಲೂ ವೇಷವಿಲ್ಲ, ಕುಣಿತವಿಲ್ಲ; ಮುಖ್ಯವಾದದ್ದು ಮಾತು.

ದೊಡ್ಡ ಯಂತ್ರ ಬೇಡ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ಟರ್ಮಿನಲ್ ಕಿಟಕಿಗಳನ್ನು ಅಕ್ಕಪಕ್ಕ ತೆರೆಯಿರಿ. ಎಡಗಡೆಯದು ಸರ್ವರ್‌ಗೆ, ಬಲಗಡೆಯದು ಅದನ್ನು ಕೇಳುವ ಕ್ಲೈಂಟ್‌ಗೆ. ನಾನು ಹೊಸಬರಿಂದ ಮಾಡಿಸುವುದು ಒಂದು ಪುಟ್ಟ ಮಳೆ ಸೇವೆ: ದಿನಾಂಕ ಕೊಟ್ಟರೆ ಅಂದು ಯಾವ ಮಳೆ ನಕ್ಷತ್ರ ಎಂದು ಹೇಳಬೇಕು. ಜೂನ್ 25 ಎಂದರೆ ಆರ್ದ್ರಾ. ಪಂಚಾಂಗ ನೋಡಿ ಪಟ್ಟಿ ತುಂಬಿಕೊಂಡರೆ, ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಬಳಸಿ ಉಳಿದದ್ದನ್ನು ಒಂದು ಪುಟದೊಳಗೆ ಬರೆಯಬಹುದು. ವಿಳಾಸ 127.0.0.1, ಅಂದರೆ ಇದೇ ಯಂತ್ರ; ಪೋರ್ಟ್ 8000. ಚಾಲೂ ಮಾಡಿದ ಮೇಲೆ ಎಡಗಡೆಯ ಕಿಟಕಿ ಸುಮ್ಮನಾಗಿಬಿಡುತ್ತದೆ. ಹ್ಯಾಂಗ್ ಆಯಿತೆಂದು ಮುಚ್ಚಬೇಡಿ. ಅದು ಕಿವಿಗೊಟ್ಟು ಕೂತಿದೆ. ಈ ಸಂಭಾಷಣೆಯಲ್ಲಿ ಸರ್ವರ್ ತಾನಾಗಿ ಬಾಯಿ ತೆರೆಯುವುದಿಲ್ಲ.

ಮೊದಲ ಸಲ ಕ್ಲೈಂಟ್ ಪ್ರೋಗ್ರಾಮ್ ಬರೆಯಲು ಹೋಗಬೇಡಿ, ನೀವೇ ಕ್ಲೈಂಟ್ ಆಗಿ. ಟೆಲ್‌ನೆಟ್ ಎಂಬ ಉಪಕರಣದಿಂದ ಆ ಪೋರ್ಟಿಗೆ ಸಂಪರ್ಕ ಹಿಡಿದು ಕೈಯಾರೆ ಟೈಪ್ ಮಾಡಿ. ಮೊದಲ ಸಾಲಿನಲ್ಲಿ ಮೂರೇ ಪದ: ‘ಗೆಟ್’ ಎಂಬ ಕ್ರಿಯಾಪದ, ಬೇಕಾದದ್ದರ ದಾರಿ, ಎಚ್‌ಟಿಟಿಪಿ 1.1 ಎಂಬ ಆವೃತ್ತಿ. ಎಂಟರ್ ಒತ್ತಿ. ಉತ್ತರವಿಲ್ಲ. ಎರಡನೇ ಸಾಲಿನಲ್ಲಿ ‘ಹೋಸ್ಟ್’ ಹೆಡರ್, ಎಂಟರ್. ಈಗಲೂ ಇಲ್ಲ. ಏನೂ ಬರೆಯದೆ ಇನ್ನೊಮ್ಮೆ ಎಂಟರ್ ಒತ್ತಿ. ಥಟ್ಟನೆ ಉತ್ತರ ಬಂದು ಬೀಳುತ್ತದೆ. ಆ ಖಾಲಿ ಸಾಲೇ ‘ನಾನು ಕೇಳುವುದು ಮುಗಿಯಿತು’ ಎಂಬ ಸೂಚನೆ. ಉತ್ತರದ ಮೈಕಟ್ಟೂ ಹಾಗೆಯೇ: 200 ಎಂಬ ಸ್ಥಿತಿ ಸಂಖ್ಯೆ, ನಾಲ್ಕಾರು ಹೆಡರ್, ಮತ್ತೆ ಖಾಲಿ ಸಾಲು, ಅದರ ಕೆಳಗೆ ‘ಆರ್ದ್ರಾ’. ಇಡೀ ವೆಬ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಖಾಲಿ ಸಾಲು.

ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್‌-ಲೀ 1991ರಲ್ಲಿ ಬಳಸಿದ ಎಚ್‌ಟಿಟಿಪಿಯಲ್ಲಿ ಇಷ್ಟೂ ಇರಲಿಲ್ಲ. ಕೇಳುವುದು ಒಂದೇ ಸಾಲು; ಹೆಡರ್ ಇಲ್ಲ, ಸ್ಥಿತಿ ಸಂಖ್ಯೆಯೂ ಇಲ್ಲ. ‘ಹೋಸ್ಟ್’ ಕಡ್ಡಾಯವಾದದ್ದು 1997ರ 1.1 ಆವೃತ್ತಿಯಲ್ಲಿ. ವಠಾರದ ಒಂದೇ ಬಾಗಿಲ ನಂಬರಿನಲ್ಲಿ ಹತ್ತು ಸಂಸಾರ ಇರುವ ಹಾಗೆ ಒಂದೇ ಐಪಿ ವಿಳಾಸದಲ್ಲಿ ಹಲವು ಜಾಲತಾಣಗಳು ಬಂದು ಸೇರಿದ್ದವು. ಯಾರನ್ನು ಕೇಳುತ್ತಿದ್ದೀರಿ ಎಂದು ಹೆಸರು ಹಿಡಿದು ಹೇಳಬೇಕಾಯಿತು.

ಕೈ ಪಳಗಿದ ಮೇಲೆ ಕರ್ಲ್ ಹಿಡಿಯಿರಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಈ ಹೆಸರಿನಲ್ಲಿ ಹೊರತಂದ ಉಪಕರಣ ಇದು. ‘ವಿ’ ಆಯ್ಕೆ ಕೊಟ್ಟು ಕೇಳಿದರೆ ಹೋಗುವ ಸಾಲುಗಳ ಮುಂದೆ > ಗುರುತು, ಬರುವ ಹೆಡರ್ ಸಾಲುಗಳ ಮುಂದೆ < ಗುರುತು ಹಾಕಿ ಇಡೀ ಸಂವಾದವನ್ನು ತೋರಿಸುತ್ತದೆ.

ಉತ್ತರದ ಹೆಡರ್‌ಗಳಲ್ಲಿ ‘ಕಂಟೆಂಟ್ ಲೆಂತ್’ ಎಂಬುದನ್ನು ನಿಧಾನವಾಗಿ ನೋಡಿ. ಖಾಲಿ ಸಾಲಿನ ಕೆಳಗೆ ಎಷ್ಟು ಬೈಟ್ ಇದೆ ಎಂದು ಅದು ಹೇಳಬೇಕು. ‘ಆರ್ದ್ರಾ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಅದನ್ನು ಬಿಡಿಸಿದರೆ ಆ, ರ, ವಿರಾಮ, ದ, ವಿರಾಮ, ರ, ದೀರ್ಘದ ಗುರುತು, ಹೀಗೆ ಏಳು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 21. ನಾನು ಮೊದಲ ಸಲ ಬರೆದಾಗ ಸ್ಟ್ರಿಂಗ್‌ನ ಉದ್ದವನ್ನೇ ಹೆಡರ್‌ನಲ್ಲಿ ಇಟ್ಟಿದ್ದೆ: 7. ಕ್ಲೈಂಟ್ ನನ್ನ ಮಾತು ನಂಬಿ 7 ಬೈಟ್ ಎಣಿಸಿಕೊಂಡು ನಿಲ್ಲಿಸಿತು. ತೆರೆಯ ಮೇಲೆ ಬಂದದ್ದು ‘ಆರ’, ಪಕ್ಕದಲ್ಲಿ ಅರ್ಧಕ್ಕೆ ಮುರಿದ ಸಂಕೇತದ ಕಪ್ಪು ಪ್ರಶ್ನೆಚಿಹ್ನೆ. ಅರ್ಧ ದಿನ ಹುಡುಕಿದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅಲ್ಲಿ ಈ ತಪ್ಪು ವರ್ಷಗಟ್ಟಲೆ ಅಡಗಿ ಕೂರಬಲ್ಲದು. ನೀವು ಕಟ್ಟಿದ ಸೇವೆಯನ್ನು ಕನ್ನಡದಲ್ಲೇ ಪರೀಕ್ಷಿಸಿ ಎಂದು ನಾನು ಒತ್ತಿ ಹೇಳುವುದು ಅಭಿಮಾನಕ್ಕಷ್ಟೇ ಅಲ್ಲ.

ಇನ್ನು ಬೇಕೆಂದೇ ಕೆಡಿಸಿ ನೋಡಿ. ರಸ ಹೆಚ್ಚಿರುವುದು ಇಲ್ಲಿ. ಸರ್ವರ್ ನಿಲ್ಲಿಸಿ ಕೇಳಿದರೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಕ್ಷಣದಲ್ಲಿ ಬರುತ್ತದೆ: ಮನೆ ಇದೆ, ಆ ಬಾಗಿಲಲ್ಲಿ ಯಾರೂ ಇಲ್ಲ. ಸರ್ವರ್ ಬೇರೆ ಯಂತ್ರದಲ್ಲಿದ್ದು ಆ ಯಂತ್ರವೇ ಆಫ್ ಆಗಿದ್ದರೆ ಸಾಮಾನ್ಯವಾಗಿ ಬಹಳ ಹೊತ್ತು ಮೌನ, ಆಮೇಲೆ ಟೈಮ್‌ಔಟ್. ಇಲ್ಲದ ದಾರಿ ಕೇಳಿದರೆ 404. ಫೆಬ್ರವರಿ 30 ಯಾವ ಮಳೆ ಎಂದರೆ 400 ಬರಬೇಕು. ನೀವು ಅದನ್ನು ಯೋಚಿಸದೆ ಕೋಡ್ ಬರೆದಿದ್ದರೆ ಪೈಥಾನ್ ಎಡಗಡೆ ಎಡವಿ ಬಿದ್ದು ಸಂಪರ್ಕ ಕಡಿಯುತ್ತದೆ. ಬಲಗಡೆ ‘ಖಾಲಿ ಉತ್ತರ’ ಎಂಬ ದೂರು. 4ರಿಂದ ಶುರುವಾದ ಸಂಖ್ಯೆ ಕೇಳಿದವರ ತಪ್ಪು, 5ರಿಂದ ಶುರುವಾದದ್ದು ಹೇಳುವವರ ತಪ್ಪು. 503 ಎಂದರೆ ಸದ್ಯಕ್ಕೆ ಆಗದು. ಅದರ ಜೊತೆ ‘ರೀಟ್ರೈ ಆಫ್ಟರ್’ ಹೆಡರ್ ಇಟ್ಟು ಎಷ್ಟು ಸೆಕೆಂಡಿನ ಮೇಲೆ ಬರಬೇಕೆಂದು ತಿಳಿಸಬಹುದು. ನಾಳೆ ಬನ್ನಿ ಎನ್ನುವುದಕ್ಕೂ ಮರ್ಯಾದೆಯ ರೀತಿ ಉಂಟು. ಒಳಗೆಲ್ಲ ಕೆಟ್ಟಿದ್ದರೂ 200 ಎಂದು ಹೇಳಿ, ಕೆಳಗೆ ಸಣ್ಣದಾಗಿ ‘ದೋಷ’ ಎಂದು ಬರೆಯುವ ಸೇವೆಗಳಿವೆ. ಅವನ್ನು ನಾನು ಒಪ್ಪಲಾರೆ.

ಟೈಮ್‌ಔಟ್ ಆದಾಗ ಮತ್ತೆ ಕೇಳಬಹುದೇ? ಸೇವೆಗೆ ಇನ್ನೊಂದು ಕೆಲಸ ಸೇರಿಸಿ ನೋಡಿ: ತೋಟದಲ್ಲಿ ಬಿದ್ದ ಮಳೆಯನ್ನು ದಾಖಲಿಸುವುದು. ‘ಪೋಸ್ಟ್’ ಎಂದರೆ ‘12 ಮಿಲಿಮೀಟರ್ ಎಂದು ಒಂದು ದಾಖಲೆ ಸೇರಿಸು’. ಎರಡು ಸಲ ಹೋದರೆ ಲೆಕ್ಕದಲ್ಲಿ ಮಳೆ ಎರಡು ಪಟ್ಟು. ‘ಪುಟ್’ ಎಂದರೆ ‘ಜೂನ್ 25ರ ಮಳೆ 12 ಮಿಲಿಮೀಟರ್ ಎಂದಿರಲಿ’. ಹತ್ತು ಸಲ ಹೇಳಿದರೂ ಅಷ್ಟೇ. ಕರೆಂಟ್ ಬಿಲ್ ಕಟ್ಟುವಾಗ ಚಕ್ರ ತಿರುಗುತ್ತಲೇ ಉಳಿದು, ದುಡ್ಡು ಹೋಯಿತೋ ಇಲ್ಲವೋ ಎಂದು ನಾವು ಚಡಪಡಿಸುವುದು ಈ ಎರಡು ಕ್ರಿಯಾಪದಗಳ ನಡುವಿನ ಜಾಗದಲ್ಲಿ.

ವೆಬ್ ಸೇವೆಗಳಲ್ಲಿ ಸೋಪ್ ಎಂಬ ಹಳೆಯ ಶೈಲಿಯೂ ಇದೆ: ಎಕ್ಸ್‌ಎಂಎಲ್ ಲಕೋಟೆ, ಒಳಗೆ ಹೆಡರ್, ಬಾಡಿ, ಜೊತೆಗೆ ವಿಸ್‌ಡಲ್ ಎಂಬ ಕರಾರುಪತ್ರ. ಕರಾರು ಓದಿ ಕ್ಲೈಂಟ್ ಕೋಡನ್ನು ಉಪಕರಣವೇ ಬರೆದುಕೊಡುತ್ತದೆ. ಅನುಕೂಲವೇನೋ ಹೌದು, ಆದರೆ ಮಾತು ಕಿವಿಗೆ ಬೀಳುವುದಿಲ್ಲ. ರಸಿಕರು ಅದನ್ನು ಆಮೇಲೆ ನೋಡಲಿ. 2000ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಎಂದು ಹೆಸರಿಟ್ಟ ಶೈಲಿಯ ಒಂದು ನಿಯಮ ಮಾತ್ರ ಈಗಲೇ ನೆನಪಿರಲಿ: ಪ್ರತಿ ಪ್ರಶ್ನೆಯೂ ತನಗೆ ಬೇಕಾದುದನ್ನೆಲ್ಲ ತಾನೇ ಹೊತ್ತು ತರಬೇಕು, ‘ಆಗಲೇ ಹೇಳಿದ್ದೆನಲ್ಲ’ ಎನ್ನುವಂತಿಲ್ಲ.

ಕೊನೆಗೆ ಸರ್ವರ್‌ನ ವಿಳಾಸವನ್ನು 0.0.0.0ಗೆ ಬದಲಿಸಿ ಮತ್ತೆ ಚಾಲೂ ಮಾಡಿ. ಅದೇ ವೈಫೈನಲ್ಲಿರುವ ಫೋನ್ ತೆಗೆದು, ಬ್ರೌಸರ್‌ನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ, ಪೋರ್ಟ್, ದಿನಾಂಕ ಕೊಡಿ. ಟೆಲ್‌ನೆಟ್‌ಗೆ, ಕರ್ಲ್‌ಗೆ ಬಂದ ಉತ್ತರವೇ ಫೋನಿಗೂ ಬರುತ್ತದೆ. ಕೇಳಿದವರು ಯಾರೆಂಬುದು ಸರ್ವರ್‌ಗೆ ಮುಖ್ಯವಲ್ಲ, ಕೇಳಿದ ರೀತಿ ಸರಿಯಿದ್ದರೆ ಸಾಕು. ಆಮೇಲೆ ಎಡಗಡೆಯ ಲಾಗ್ ನೋಡಿ. ಫೋನಿನ ಐಪಿ, ಹೊತ್ತು, ನೀವು ಕೇಳಿದ ದಾರಿ, 200. ಅದರ ಕೆಳಗೆ ಸಾಮಾನ್ಯವಾಗಿ ಇನ್ನೊಂದು ಸಾಲು ಕಾಣುತ್ತದೆ. ಪುಟದ ಹೆಸರಿನ ಪಕ್ಕ ಇಡಲು ಒಂದು ಪುಟ್ಟ ಚಿತ್ರವಿದೆಯೇ ಎಂದು ಬ್ರೌಸರ್ ನಿಮಗೆ ಹೇಳದೆ ಕೇಳಿರುತ್ತದೆ, ನಿಮ್ಮ ಮಳೆ ಸರ್ವರ್ 404 ಎಂದಿರುತ್ತದೆ.