ಮುಪ್ಪಾದ ವಿಮಾನಗಳ ತಪಾಸಣೆ: ಎಲ್ಲಿ ನೋಡಬೇಕೆಂಬ ಪ್ರಶ್ನೆ

ವಿಮಾನದ ವಯಸ್ಸು ಅದು ಕಂಡ ವರ್ಷಗಳಿಗಿಂತ ಹೆಚ್ಚಾಗಿ ಅದು ಏರಿ ಇಳಿದ ಲೆಕ್ಕದಲ್ಲಿದೆ. ಮೇಲೇರಿದಂತೆ ಹೊರಗಿನ ಗಾಳಿ ವಿರಳವಾಗುತ್ತದೆ, ಪ್ರಯಾಣಿಕರ ಉಸಿರಾಟಕ್ಕಾಗಿ ಒಳಗೆ ಒತ್ತಡ ಉಳಿಸಿಕೊಳ್ಳಬೇಕಾಗುತ್ತದೆ. ಆಗ ಒಡಲಿನ ಅಲ್ಯೂಮಿನಿಯಂ ಹೊದಿಕೆ ತುಸು ಹಿಗ್ಗಿ, ಇಳಿಯುವಾಗ ಕುಗ್ಗುತ್ತದೆ. ಇಂಥ ಪ್ರತಿಯೊಂದು ಹಾರಾಟವೂ ಒಂದು ಸೈಕಲ್. ಸಾವಿರಾರು ಸೈಕಲ್‌ಗಳಲ್ಲಿ ದಣಿದ ಲೋಹ ಸಾಮಾನ್ಯವಾಗಿ ರಿವೆಟ್ ತೂತಿನ ಅಂಚಿನಲ್ಲಿ ಬಿರುಕು ಬಿಡುತ್ತದೆ. ಉಪ್ಪುಗಾಳಿಯೂ ತೇವವೂ ಸೇರಿದರೆ ತುಕ್ಕು ಆ ಕೆಲಸವನ್ನು ಬೇಗ ಮಾಡಿಸುತ್ತದೆ.

ಅಮೆರಿಕದಲ್ಲಿ 1978ರಿಂದ ನಾಗರಿಕ ವಿಮಾನಗಳ ವಿನ್ಯಾಸದ ನಿಯಮವಾದ ‘ಡ್ಯಾಮೇಜ್ ಟಾಲರೆನ್ಸ್’ ತತ್ವ ಈ ಬಿರುಕುಗಳನ್ನು ಅಲ್ಲಗಳೆಯುವುದಿಲ್ಲ. ಬಿರುಕು ಇದ್ದೇ ಇದೆ ಎಂದು ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಅದು ಅಪಾಯದ ಮಟ್ಟಕ್ಕೆ ಬೆಳೆಯಲು ಎಷ್ಟು ಸೈಕಲ್ ಬೇಕೆಂದು ಲೆಕ್ಕ ಹಾಕಿ, ಅಷ್ಟರೊಳಗೆ ಒಂದಕ್ಕಿಂತ ಹೆಚ್ಚು ಸಲ ತಪಾಸಣೆ ನಡೆಯುವಂತೆ ಗಡುವು ಹಾಕುತ್ತದೆ. ತತ್ವ ಪ್ರಾಮಾಣಿಕವಾದದ್ದು. ಆದರೆ ಬಿರುಕು ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಪದ್ಧತಿ ಮತ್ತೆ ಮತ್ತೆ ಸೋತಿರುವುದು ಇಲ್ಲಿಯೇ.

1988ರ ಏಪ್ರಿಲ್ 28ರಂದು ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಛಾವಣಿ, 24,000 ಅಡಿ ಎತ್ತರದಲ್ಲಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಯಿತು. ಗಗನಸಖಿಯೊಬ್ಬರು ಹೊರಗೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಉಳಿದವರನ್ನು ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿ ಉಳಿಸಿದರು. 1969ರಲ್ಲಿ ತಯಾರಾದ ಆ ವಿಮಾನ ದ್ವೀಪದಿಂದ ದ್ವೀಪಕ್ಕೆ ಕಿರುಹಾರಾಟ ನಡೆಸುತ್ತ 89,680 ಸೈಕಲ್ ಮುಗಿಸಿತ್ತು. ವಿನ್ಯಾಸಕಾರರು ಗುರಿಯಿಟ್ಟದ್ದು 75,000ಕ್ಕೆ.

ಮೊದಮೊದಲ 737ಗಳಲ್ಲಿ ಹೊದಿಕೆಯ ಹಾಳೆಗಳನ್ನು ಒಂದರ ಅಂಚಿನ ಮೇಲೊಂದು ಇಟ್ಟು, ಅಂಟು ಮತ್ತು ರಿವೆಟ್ ಎರಡರಿಂದಲೂ ಬಿಗಿಯುತ್ತಿದ್ದರು. ಅಂಟು ಬಿಟ್ಟಾಗ ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು. ಒಂದು ಮಿಲಿಮೀಟರ್‌ಗೂ ಕಡಿಮೆ ದಪ್ಪದ ಹಾಳೆಯಲ್ಲಿ ರಿವೆಟ್ ತಲೆ ಕೂರಲು ಕೊರೆದ ತೂತಿನ ಅಂಚು ಚಾಕುವಿನ ಅಲಗಿನಂತೆ ತೆಳುವಾಗಿತ್ತು. ಸಾಲು ರಿವೆಟ್‌ಗಳಲ್ಲಿ ಏಕಕಾಲಕ್ಕೆ ಸಣ್ಣ ಬಿರುಕುಗಳು ಹುಟ್ಟಿದವು. ಒಂದೇ ಬಿರುಕಾಗಿದ್ದರೆ ಒಳಪಟ್ಟಿಗಳು ಅದನ್ನು ತಡೆದು ತಿರುಗಿಸುತ್ತಿದ್ದವು, ವಿನ್ಯಾಸದ ಲೆಕ್ಕ ಹಾಗಿತ್ತು. ಅಕ್ಕಪಕ್ಕದ ಬಿರುಕುಗಳು ಕೂಡಿಕೊಂಡಾಗ ಆ ಲೆಕ್ಕ ನಿಲ್ಲಲಿಲ್ಲ.

ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಎಚ್ಚರಿಕೆ ಮೊದಲೇ ಬಂದಿತ್ತು. ಒಡಲಿನ ಇಂಥ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವಂತೆ ಬೋಯಿಂಗ್ ಸಲಹೆ ನೀಡಿತ್ತು. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 1987ರಲ್ಲಿ ಹೊರಡಿಸಿದ ಆದೇಶ ಮಾತ್ರ ಎರಡೂ ಬದಿಯ ಒಂದು ಜೋಡಣೆಯನ್ನಷ್ಟೇ ಕಡ್ಡಾಯ ಮಾಡಿತು. ವಿಮಾನ ಒಡೆದದ್ದು ಮತ್ತೊಂದು ಜೋಡಣೆಯಲ್ಲಿ. ಹಗಲೆಲ್ಲ ಹಾರುವ ವಿಮಾನಗಳನ್ನು ರಾತ್ರಿ ಪಾಳಿಯಲ್ಲಿ, ಸಾಲು ಸಾಲು ರಿವೆಟ್‌ಗಳನ್ನು ಕಣ್ಣಿನಿಂದ ನೋಡುತ್ತ ತಪಾಸಣೆ ಮಾಡಬೇಕಿತ್ತು. ಮನುಷ್ಯನ ಗಮನಕ್ಕೂ ಮಿತಿಯಿದೆ ಎಂಬುದನ್ನು ತನಿಖಾ ವರದಿ ಗಂಭೀರವಾಗಿ ಎತ್ತಿ ಹೇಳಿತು. ಹೊಣೆಯನ್ನು ತಪಾಸಕನ ಮೇಲಷ್ಟೇ ಹೊರಿಸದಿರುವುದು ಆ ವರದಿಯ ದೊಡ್ಡ ಗುಣ.

ಅನಂತರದ ಸುಧಾರಣೆಗಳು ನಿಜವಾದವು. ಸಂಶೋಧನೆಗೆ ಹಣ ಬಂತು, ತುಕ್ಕು ತಡೆಯುವ ಕಾರ್ಯಕ್ರಮ ಕಡ್ಡಾಯವಾಯಿತು. ಪ್ರತಿ ಮಾದರಿಗೂ ಸೈಕಲ್ ಅಥವಾ ಗಂಟೆಗಳ ಮಿತಿ ನಿಗದಿಪಡಿಸಬೇಕೆಂಬ ನಿಯಮ ಮಾತ್ರ 2010ರಲ್ಲಿ ಬಂತು. ಇಪ್ಪತ್ತೆರಡು ವರ್ಷ ತಡ ಎನ್ನದೆ ವಿಧಿಯಿಲ್ಲ.

ಮಿತಿಯೂ ಎಲ್ಲವನ್ನೂ ಹಿಡಿಯುವುದಿಲ್ಲ. 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನಾ ಏರ್‌ಲೈನ್ಸ್‌ನ 747ರ ಬಾಲ ರನ್‌ವೇಗೆ ಉಜ್ಜಿತ್ತು. ಗೀರು ಬಿದ್ದ ಹೊದಿಕೆಯನ್ನು ತೆಗೆಯದೆ ಅದರ ಮೇಲೆ ತೇಪೆ ಹಾಕಲಾಯಿತು. ತೇಪೆಯ ಅಡಿಯಲ್ಲಿ ಹೊರಗಣ್ಣಿಗೆ ಕಾಣದೆ ಬೆಳೆದ ಬಿರುಕು 2002ರಲ್ಲಿ 225 ಜನರನ್ನು ಬಲಿ ತೆಗೆದುಕೊಂಡಿತು. 2011ರಲ್ಲಿ ಅರಿಝೋನಾದ ಮೇಲೆ ಛಾವಣಿ ಹರಿದ ಸೌತ್‌ವೆಸ್ಟ್‌ನ 737ಕ್ಕೆ ಇನ್ನೂ 40,000 ಸೈಕಲ್ ಕೂಡ ಆಗಿರಲಿಲ್ಲ. ಕಾರ್ಖಾನೆಯಲ್ಲೇ ರಿವೆಟ್ ತೂತುಗಳನ್ನು ತಪ್ಪಾಗಿ ಕೊರೆಯಲಾಗಿತ್ತು.

ಈಗ ಹೊಸ ಭರವಸೆ ಇರುವುದು ವಿಮಾನದ ಮೈಗೇ ಅಂಟಿಸುವ ಸೆನ್ಸರ್‌ಗಳ ಮೇಲೆ. ಇವುಗಳಲ್ಲೊಂದಾದ ನಿರ್ವಾತ ಪಟ್ಟಿಯಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುತ್ತವೆ, ಕೆಳಗೆ ಬಿರುಕು ಬಿಟ್ಟರೆ ಗಾಳಿ ನುಗ್ಗಿ ನಿರ್ವಾತ ಕೆಡುತ್ತದೆ. ಪೀಜೋ ಬಿಲ್ಲೆಗಳು ಲೋಹದಲ್ಲಿ ಅಲೆ ಹಾಯಿಸಿ ವ್ಯತ್ಯಾಸ ಗುರುತಿಸುತ್ತವೆ, ಆಪ್ಟಿಕಲ್ ಫೈಬರ್ ಎಳೆತವನ್ನು ಅಳೆಯುತ್ತದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ಈ ದಿಕ್ಕಿನಲ್ಲಿ ಕೆಲಸ ಮಾಡಿದೆ. ಫಲಕ ಬಿಚ್ಚಿ ಇಳಿಯಬೇಕಾದ ಇಕ್ಕಟ್ಟಿನ ಜಾಗಗಳಲ್ಲಿ ಇವು ಅಮೂಲ್ಯ: ಶ್ರಮ ಉಳಿಯುತ್ತದೆ, ಬಿಚ್ಚುವಾಗ ಆಗುವ ಹಾನಿಯೂ ತಪ್ಪುತ್ತದೆ. ಆದರೆ ಅಂಟು ದಶಕಗಟ್ಟಲೆ ನಿಲ್ಲಬೇಕು. ಸುಳ್ಳು ಎಚ್ಚರಿಕೆ ಕೊಟ್ಟರೆ ವಿಮಾನ ಸುಮ್ಮನೆ ನೆಲದಲ್ಲಿ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿರ್ವಾತ ಪಟ್ಟಿ ತನ್ನ ಅಡಿಯ ಬಿರುಕನ್ನಷ್ಟೇ ಹೇಳಬಲ್ಲದು. ಅಲೋಹಾದಲ್ಲಿ ಅದನ್ನು ಅಂಟಿಸಿದ್ದರೂ, ಆದೇಶ ತೋರಿಸಿದ ಜೋಡಣೆಗೇ ಅಂಟಿಸುತ್ತಿದ್ದರು.

ಎಲ್ಲಿ ನೋಡಬೇಕೆಂದು ಹೇಳಬಲ್ಲ ಕೆಲಸಗಳು ಎರಡು. ನಿವೃತ್ತ ವಿಮಾನಗಳನ್ನು ರಿವೆಟ್ ರಿವೆಟ್ ಬಿಚ್ಚಿ ನೋಡುವುದು ಒಂದು. ಎಫ್‌ಎಎ ಮತ್ತು ಡೆಲ್ಟಾ ಏರ್‌ಲೈನ್ಸ್ ಹಳೆಯ 727 ಒಂದನ್ನು ಹೀಗೆ ಬಿಚ್ಚಿ ಪರೀಕ್ಷಿಸಿವೆ. ಪ್ರತಿ ದುರಸ್ತಿಯ ದಾಖಲೆಯನ್ನು ವಿಮಾನ ಕೈ ಬದಲಾದರೂ ಕಳೆಯದಂತೆ ಕಾಯುವುದು ಇನ್ನೊಂದು. ಸೆನ್ಸರ್‌ಗಳಿಗೆ ಸಿಗುವ ಗಮನ ಇವೆರಡಕ್ಕೆ ಮೊದಲು ಸಿಗಬೇಕು.