ಬಿಡುಗಡೆ ಎಂಬ ಒಂದೇ ಪದ

ಕನ್ನಡ ಪತ್ರಿಕೆಗಳ ಕೋರ್ಟು ವರದಿಗಳಲ್ಲಿ ಅತಿ ಹೆಚ್ಚು ದುಡಿಯುವ ಪದ ‘ಬಿಡುಗಡೆ’. ಜಾಮೀನು ಸಿಕ್ಕವರು ಬಿಡುಗಡೆಯಾಗುತ್ತಾರೆ, ಶಿಕ್ಷೆ ಮುಗಿಸಿದವರೂ ಬಿಡುಗಡೆಯಾಗುತ್ತಾರೆ. ವಿಚಾರಣೆಗೆ ಮೊದಲೇ ಆರೋಪದಿಂದ ಪಾರಾದವರಿಗೂ, ಪೂರ್ಣ ವಿಚಾರಣೆಯ ನಂತರ ತಪ್ಪಿತಸ್ಥರಲ್ಲ ಎನಿಸಿಕೊಂಡವರಿಗೂ ಅದೇ ಪದ. ಕಾನೂನಿನ ಕಣ್ಣಿಗೆ ಈ ನಾಲ್ವರ ಸ್ಥಿತಿಯೂ ಬೇರೆ ಬೇರೆ.

ಈ ವ್ಯತ್ಯಾಸಗಳನ್ನೇ ಕಥನದ ಒಳಗೆ ತಂದ ಕೃತಿ ‘ದಿ ಟ್ರಯಲ್’ ಎಂದು ಇಂಗ್ಲಿಷಿನಲ್ಲಿ ಪರಿಚಿತವಾಗಿರುವ ಫ್ರಾಂಜ್ ಕಾಫ್ಕಾನ ಕಾದಂಬರಿ. ಕಾಫ್ಕಾ ತೀರಿಕೊಂಡ ಮರುವರ್ಷ, 1925ರಲ್ಲಿ, ಅದು ಪ್ರಕಟವಾಯಿತು. ಬಂಧನಕ್ಕೊಳಗಾಗಿಯೂ ದಿನನಿತ್ಯ ಬ್ಯಾಂಕಿನ ಕೆಲಸಕ್ಕೆ ಹೋಗುವ ಯೋಸೆಫ್ ಕೆ.ಗೆ ಚಿತ್ರಕಾರ ಟಿಟೊರೆಲ್ಲಿ ಮೂರು ದಾರಿಗಳನ್ನು ವಿವರಿಸುತ್ತಾನೆ: ನಿಜವಾದ ಖುಲಾಸೆ, ತೋರಿಕೆಯ ಖುಲಾಸೆ, ಕೊನೆಯಿಲ್ಲದ ಮುಂದೂಡಿಕೆ. ಮೊದಲನೆಯದನ್ನು ಅವನು ಕಂಡೇ ಇಲ್ಲ. ಎರಡನೆಯದರಲ್ಲಿ ಮನುಷ್ಯ ಮನೆಗೆ ಹೋಗಬಹುದು, ಕಡತ ಮಾತ್ರ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಮತ್ತೆ ಯಾವಾಗ ಬೇಕಾದರೂ ಬಂಧನವಾದೀತು.

ಈ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಅಸಂಗತವೆಂದೋ, ಮನುಷ್ಯಸ್ಥಿತಿಯ ರೂಪಕವೆಂದೋ ಓದುತ್ತೇವೆ. ಆ ಓದು ತಪ್ಪಲ್ಲ, ಆದರೆ ಅವಸರದ್ದು ಎಂದು ನನಗನ್ನಿಸುತ್ತದೆ. ಕಾಫ್ಕಾ ಕಾನೂನಿನಲ್ಲಿ ಡಾಕ್ಟರೇಟ್ ಪಡೆದವನು. ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಕಡತಗಳ ನಡುವೆ ಬದುಕಿದವನು. ಟಿಟೊರೆಲ್ಲಿಯ ಮಾತು ಕನಸಿನದ್ದಲ್ಲ, ಕಚೇರಿಯದ್ದು.

ನಮ್ಮ ಕಾನೂನಿನ ಪದಗಳನ್ನೇ ಪಕ್ಕದಲ್ಲಿಟ್ಟು ನೋಡೋಣ. ಪೊಲೀಸರ ದಾಖಲೆಗಳಲ್ಲಿ ಆರೋಪ ಹೊರಿಸುವಷ್ಟು ಆಧಾರವಿಲ್ಲ ಎನಿಸಿದರೆ ನ್ಯಾಯಾಲಯ ಆರೋಪಿಯನ್ನು ‘ಆರೋಪಮುಕ್ತ’ಗೊಳಿಸುತ್ತದೆ. ಇದು ಖುಲಾಸೆಯಲ್ಲ ಎಂದು ಕಾನೂನೇ ಸ್ಪಷ್ಟವಾಗಿ ಹೇಳುತ್ತದೆ. ಹೊಸ ಪುರಾವೆ ಸಿಕ್ಕರೆ ಪ್ರಕರಣ ಮತ್ತೆ ಏಳಬಹುದು. ‘ಖುಲಾಸೆ’ ಬರುವುದು ವಿಚಾರಣೆಯ ನಂತರ. ಅದು ಊರ್ಜಿತದಲ್ಲಿರುವವರೆಗೆ ಅದೇ ಅಪರಾಧಕ್ಕೆ ಇನ್ನೊಂದು ವಿಚಾರಣೆಯಿಲ್ಲ. ಆದರೆ ಅದರ ವಿರುದ್ಧ ಮೇಲ್ಮನವಿ ಹೋಗಬಹುದು. ಹಾಗಾಗಿಯೇ, ಮೇಲಿನ ನ್ಯಾಯಾಲಯ ಕರೆದಾಗ ಹಾಜರಾಗುತ್ತೇನೆಂದು ಆರೋಪಿ ಬರೆದುಕೊಡಬೇಕಾದ ಮುಚ್ಚಳಿಕೆ 6 ತಿಂಗಳು ಜಾರಿಯಲ್ಲಿರುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಗೆ ಆಮೇಲೆ ಸೇರಿದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ.

ಖುಲಾಸೆಯಲ್ಲೂ ತರತಮವುಂಟು. ‘ಸಂಶಯದ ಲಾಭ’ ಪಡೆದವರು, ‘ಗೌರವಯುತ’ವಾಗಿ ಖುಲಾಸೆಯಾದವರು ಎಂದು ನಾವು ಬೇರೆ ಮಾಡುತ್ತೇವೆ. ‘ಗೌರವಯುತ ಖುಲಾಸೆ’ ಎಂಬ ಮಾತು ಸಂಹಿತೆಯಲ್ಲೇ ಇಲ್ಲ, ತೀರ್ಪುಗಳಿಂದ ಹುಟ್ಟಿದ್ದು ಎಂದು 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ಕೆಲಸ ಕಳೆದುಕೊಂಡ ನೌಕರರೊಬ್ಬರು ಮರಳಿ ಸೇವೆಗೆ ಸೇರುವ ಪ್ರಶ್ನೆ ಬಂದಾಗ ಆ ಒಂದು ವಿಶೇಷಣವೇ ನಿರ್ಣಾಯಕವಾಗಬಹುದು.

ಹಾಗೆಂದು ನಮ್ಮ ನ್ಯಾಯಾಲಯವೇ ಕಾಫ್ಕಾನ ನ್ಯಾಯಾಲಯ ಎಂದುಬಿಡುವುದು ಸೋಮಾರಿತನ. ಕೆ.ಗೆ ಕೊನೆಯವರೆಗೂ ತನ್ನ ಮೇಲಿನ ಆರೋಪವೇನೆಂದು ತಿಳಿಯುವುದಿಲ್ಲ. ಬಂಧನದ ಕಾರಣವನ್ನು ಬಂಧಿತರಿಗೆ ತಿಳಿಸಲೇಬೇಕೆಂದು ನಮ್ಮ ಸಂವಿಧಾನದ 22ನೇ ವಿಧಿ ಹೇಳುತ್ತದೆ. ನಮ್ಮಲ್ಲಿ ತೀರ್ಪಿಗೆ ಕಾರಣ ಕೊಡಬೇಕು, ಆ ಕಾರಣವನ್ನು ಪ್ರಶ್ನಿಸಲೂಬಹುದು. ಪದಗಳ ಅರ್ಥ ಗೊತ್ತಿದ್ದವರಿಗೆ ಮಾತ್ರ ಈ ವ್ಯತ್ಯಾಸದ ಬೆಲೆಯೂ ಗೊತ್ತಾಗುತ್ತದೆ. ಟಿಟೊರೆಲ್ಲಿಯ ಕೋಣೆಯಲ್ಲಿ ಕೆ. ಉಸಿರುಗಟ್ಟಿದಂತಾಗಿ ಒದ್ದಾಡುವುದು ಸೆಕೆಯಿಂದ ಮಾತ್ರವಲ್ಲ. ತನ್ನ ಬದುಕನ್ನು ನಿರ್ಧರಿಸುವ ಪದಗಳನ್ನು ಇನ್ನೊಬ್ಬರ ಬಾಯಿಂದಲೇ ಕೇಳಬೇಕಾದ ಅವಸ್ಥೆಯಿಂದಲೂ.

ಕನ್ನಡಕ್ಕೆ ಪದಗಳ ಬಡತನವಿಲ್ಲ. ಜಾಮೀನು, ಆರೋಪಮುಕ್ತಿ, ಖುಲಾಸೆ ಎಲ್ಲವೂ ಬಳಕೆಯಲ್ಲಿವೆ. ‘ಬಿಡುಗಡೆ’ ಎಂಬುದು ನಮ್ಮಲ್ಲಿ ಮೋಕ್ಷಕ್ಕೂ ಸಲ್ಲುವ ದೊಡ್ಡ ಪದ. ಅದನ್ನು ಎಲ್ಲದಕ್ಕೂ ಹಚ್ಚಿದಾಗ ಅನ್ಯಾಯ ಎರಡು ಕಡೆಗೂ ಆಗುತ್ತದೆ: ಜಾಮೀನಿನ ಮೇಲೆ ಹೊರಬಂದವರನ್ನು ಓದುಗರು ನಿರಪರಾಧಿಗಳೆಂದುಕೊಳ್ಳುತ್ತಾರೆ, ವರ್ಷಗಟ್ಟಲೆ ಅಲೆದು ಖುಲಾಸೆಯಾದವರನ್ನು, ಹೇಗೋ ಹೊರಬಂದರು ಅಷ್ಟೇ ಎಂದುಕೊಳ್ಳುತ್ತಾರೆ.