ಡಬ್ಬದ ಮುಂಬದಿ, ಡಬ್ಬದ ಹಿಂಬದಿ

ಕಾರನ್ನು ಸರ್ವಿಸ್‌ಗೆ ಬಿಟ್ಟಾಗ ಕೈಗೆ ಬರುವ ಎಸ್ಟಿಮೇಟ್ ಹಾಳೆಯಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್‌ಗಳ ಕೆಳಗೆ ಈಚೆಗೆ ಇನ್ನೆರಡು ಸಾಲು ಸೇರಿಕೊಂಡಿರುತ್ತವೆ: ‘ಎಂಜಿನ್ ಫ್ಲಶ್’, ‘ಎಂಜಿನ್ ಕೋಟಿಂಗ್’. ಬೇಡ ಎಂದರೆ ಸರ್ವಿಸ್ ಅಡ್ವೈಸರ್ ಜಗಳವಾಡುವುದಿಲ್ಲ. “ಹಾಕ್ಸಿದ್ರೆ ಒಳ್ಳೇದು ಸಾರ್, ಎಂಜಿನ್‌ಗೆ ಲೈಫ್ ಬರುತ್ತೆ” ಎಂದು ಸುಮ್ಮನಾಗುತ್ತಾರೆ. ಆ ಮಾತು ಸಾಕು, ಬಹಳ ಮಂದಿ ಸಹಿ ಹಾಕುತ್ತಾರೆ. ಆಯಿಲ್ ವಿಷಯದಲ್ಲಿ ನಾವು ಕೇಳುವ ಪ್ರಶ್ನೆಗಳೇ ದಾರಿ ತಪ್ಪಿವೆ ಎಂಬುದು ನನ್ನ ತಕರಾರು. ಯಾವ ಬ್ರ್ಯಾಂಡ್, ಜೊತೆಗೆ ಏನು ಬೆರೆಸಬೇಕು ಎಂದು ವಿಚಾರಿಸುತ್ತೇವೆ. ಯಾವ ದರ್ಜೆ, ಎಷ್ಟಕ್ಕೊಮ್ಮೆ ಬದಲಿಸಬೇಕು ಎಂದು ವಿಚಾರಿಸುವುದಿಲ್ಲ.

ಮೊದಲು ಅಡಿಟಿವ್‌ಗಳ ಮಾತು. ಅಂಗಡಿಯಲ್ಲಿ ಕೊಳ್ಳುವ ಆಯಿಲ್‌ನಲ್ಲಿ ಮೂಲತೈಲದ ಜೊತೆ ಅಡಿಟಿವ್‌ಗಳು ಆಗಲೇ ಬೆರೆತಿರುತ್ತವೆ. ಕೊಳೆ ತೊಳೆಯುವ ಡಿಟರ್ಜೆಂಟ್, ಮಸಿ ಗಂಟು ಕಟ್ಟದಂತೆ ತೇಲಿಸಿಡುವ ಡಿಸ್ಪರ್ಸೆಂಟ್, ನೊರೆ ತಡೆಯುವುದು, ಆಕ್ಸಿಡೀಕರಣ ತಡೆಯುವುದು, ಬಿಸಿಯಾದಾಗ ತೀರಾ ತೆಳುವಾಗದಂತೆ ಹಿಡಿದಿಡುವ ಪಾಲಿಮರ್ ಹೀಗೆ ಒಂದೊಂದಕ್ಕೂ ಒಂದೊಂದು ಕೆಲಸ. ಸವೆತ ತಡೆಯುವ ಝಡ್‌ಡಿಡಿಪಿ ಎಂಬ ಸತು–ರಂಜಕದ ಸಂಯುಕ್ತ 1940ರ ದಶಕದಿಂದಲೂ ಬಳಕೆಯಲ್ಲಿದೆ. ಅದು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ರಂಜಕ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ ಎಂಜಿನ್ ಆಯಿಲ್‌ಗಳ ಐಎಲ್‌ಎಸ್‌ಎಸಿ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 5ಡಬ್ಲ್ಯು-30ರಂಥ ಆಯಿಲ್‌ಗಳಿಗೆ ರಂಜಕದ ಪ್ರಮಾಣ ಶೇ 0.06ಕ್ಕಿಂತ ಕಡಿಮೆ ಇರಬಾರದು, ಶೇ 0.08 ಮೀರಲೂಬಾರದು. ಕ್ಯಾಲ್ಸಿಯಂ ಇರುವ ಡಿಟರ್ಜೆಂಟ್ ಕೂಡ ಹಾಗೆಯೇ. ಅದು ಅತಿಯಾದರೆ ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಂಧನ ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ನಿಗೇ ಪೆಟ್ಟು ಬೀಳಬಹುದು. ಇದನ್ನು ಆಯಿಲ್ ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2020ರಲ್ಲಿ ತಂದ ಎಸ್‌ಪಿ ದರ್ಜೆಯ ಭಾಗವೇ ಆಗಿದೆ. ಇಷ್ಟು ಅಳೆದು ಸುರಿದ ದ್ರವಕ್ಕೆ ಮೇಲಿಂದ ಇನ್ನೊಂದು ಬಾಟಲಿ ಸುರಿಯುವುದೆಂದರೆ, ಹದ ನೋಡಿ ಇಳಿಸಿದ ಸಾರಿಗೆ ಬಡಿಸುವವನು ಮತ್ತೆ ಹುಳಿ ಹಿಂಡಿದ ಹಾಗೆ.

ಅನುಮಾನವಿದ್ದವರು ಅಮೆರಿಕದ ಸ್ಲಿಕ್ 50 ಪ್ರಕರಣ ನೋಡಬಹುದು. ಟೆಫ್ಲಾನ್ ಜಾತಿಯ ಕಣಗಳಿದ್ದ ಈ ಬಾಟಲಿ, ಗಾಡಿ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಎಂಜಿನ್ನಿಗೆ ರಕ್ಷಣೆಯೇ ಇರುವುದಿಲ್ಲ ಎಂದು ಹೆದರಿಸಿ ಮಾರಾಟವಾಗುತ್ತಿತ್ತು. ಒಳ್ಳೆಯ ಆಯಿಲ್ ಇದ್ದರೆ ಆ ಗಳಿಗೆಯಲ್ಲೂ ರಕ್ಷಣೆ ಇದ್ದೇ ಇರುತ್ತದೆ, ಸವೆತ ತಗ್ಗುತ್ತದೆಂಬ ಮಾತಿಗೆ ತಕ್ಕ ಪುರಾವೆ ಇಲ್ಲ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 1997ರಲ್ಲಿ ಕಂಪನಿ ಒಪ್ಪಂದಕ್ಕೆ ಬಂದು ಅಂಥ ಪ್ರಚಾರ ಕೈಬಿಟ್ಟಿತು. ನಮ್ಮಲ್ಲಿ ಹೆಸರು ಬೇರೆ, ಹೆದರಿಸುವ ವರಸೆ ಮಾತ್ರ ಅದೇ. ಆಯಿಲ್‌ಗೆ ಬೇರೇನೂ ಬೆರೆಸಬೇಡಿ ಎಂದು ಹೋಂಡಾ, ಫೋಕ್ಸ್‌ವ್ಯಾಗನ್‌ನಂಥ ಕಂಪನಿಗಳ ಕೈಪಿಡಿಗಳೇ ಹೇಳುತ್ತವೆ. ವಿಚಿತ್ರವೆಂದರೆ, ಕೈಪಿಡಿ ಬೇಡವೆನ್ನುವ ಬಾಟಲಿಯನ್ನು ಅಧಿಕೃತ ಡೀಲರ್‌ಗಳ ವರ್ಕ್‌ಶಾಪುಗಳಲ್ಲೇ ಮಾರುವುದುಂಟು.

ಎಲ್ಲ ಬಾಟಲಿಗಳನ್ನೂ ಒಂದೇ ಸಾಲಿಗೆ ನಿಲ್ಲಿಸುವುದು ಮಾತ್ರ ನ್ಯಾಯವಲ್ಲ. ಪೆಟ್ರೋಲ್ ಟ್ಯಾಂಕಿಗೆ ಹಾಕುವ, ಪಾಲಿಈಥರ್‌ಅಮೈನ್ ಇರುವ ಇಂಜೆಕ್ಟರ್ ಕ್ಲೀನರ್ ನಿಜಕ್ಕೂ ಕೆಲಸ ಮಾಡುತ್ತದೆ. ಅದು ಆಯಿಲ್‌ಗೆ ಸಂಬಂಧಿಸಿದ್ದಲ್ಲ. ಒಣಗಿದ ಸೀಲ್‌ಗಳಿಂದ ಜಿನುಗುವ ಹಳೆಯ ಎಂಜಿನ್ನಿಗೆ ಲೀಕ್ ನಿಲ್ಲಿಸುವ ದ್ರವ ಕೆಲಕಾಲ ಆಸರೆಯಾದೀತು. ಆದರೆ ಅದು ರಿಪೇರಿಯನ್ನು ಮುಂದೂಡುವ ಉಪಾಯ, ಆಯುಷ್ಯ ಹೆಚ್ಚಿಸುವ ಮದ್ದಲ್ಲ.

ಎರಡನೆಯ ನಂಬಿಕೆ ಇನ್ನೂ ಗಟ್ಟಿ: ‘ನಮ್ಮ ಸೆಕೆಗೆ ಗಟ್ಟಿ ಆಯಿಲ್ಲೇ ಸೈ’. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಇಂದಿನ ಎಂಜಿನ್‌ಗಳಲ್ಲಿ ಆಯಿಲ್ ಹರಿಯುವ ಸಂದುಗಳು ಕಿರಿದು, ವಾಲ್ವ್ ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುವ ವ್ಯವಸ್ಥೆ ನಡೆಯುವುದೂ ಆಯಿಲ್ ಒತ್ತಡದಿಂದಲೇ. 40 ಡಿಗ್ರಿಯಲ್ಲಿ 20ಡಬ್ಲ್ಯು-50 ಆಯಿಲ್, 5ಡಬ್ಲ್ಯು-30ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಂದ. ಚಳಿಯಲ್ಲಿ ಆಯಿಲ್ ಹರಿಯುವ ಬಗೆ ತಿಳಿಸುವ ‘ಡಬ್ಲ್ಯು’ (ವಿಂಟರ್) ಅಂಕಿ ಹಿಮದ ನಾಡಿನವರ ಲೆಕ್ಕ, ನಮಗೇಕೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 0ಡಬ್ಲ್ಯುಗೂ 5ಡಬ್ಲ್ಯುಗೂ ಇರುವ ಅಂತರ ಬೆಂಗಳೂರಿನ ಬೆಳಗಿನ ಚಳಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬಿಸಿ ಎಂಜಿನ್ನಿನ ಸ್ನಿಗ್ಧತೆ ತಿಳಿಸುವುದು ಎರಡನೆಯ ಅಂಕಿ. ರಾಯಚೂರಿನ ಬೇಸಿಗೆಯಲ್ಲಿ ನೋಡಬೇಕಾದದ್ದು ಅದನ್ನು.

ಹಾಗೆಂದು ಕೈಪಿಡಿ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಕಾರು ಕಂಪನಿಗಳು 0ಡಬ್ಲ್ಯು-20, 0ಡಬ್ಲ್ಯು-16ರಂಥ ತೆಳು ಆಯಿಲ್‌ಗಳತ್ತ ವಾಲಿದ್ದಕ್ಕೆ ಎಂಜಿನ್ನಿನ ಹಿತದಷ್ಟೇ ಮೈಲೇಜಿನ ಒತ್ತಡವೂ ಕಾರಣ. ಭಾರತದಲ್ಲಿ 2017ರಲ್ಲಿ ಶುರುವಾದ ಸರಾಸರಿ ಇಂಧನ ಬಳಕೆಯ ನಿಯಮ 2022ರಲ್ಲಿ ಇನ್ನಷ್ಟು ಬಿಗಿಯಾಯಿತು. ಕೈಪಿಡಿ ಎರಡು ಮೂರು ದರ್ಜೆಗಳಿಗೆ ಒಪ್ಪಿಗೆ ಕೊಟ್ಟಿದ್ದರೆ, ಮೈತುಂಬ ಲಗೇಜು ಹೊತ್ತು ಘಟ್ಟ ಹತ್ತುವವರು ಅವುಗಳಲ್ಲೇ ತುಸು ಗಟ್ಟಿಯದನ್ನು ಆರಿಸಿಕೊಳ್ಳುವುದು ವಿವೇಕ. ಆ ಪಟ್ಟಿಯ ಆಚೆಗೆ ಹಾರುವುದು ವಿವೇಕವಲ್ಲ.

ಇಲ್ಲಿ ಡಬ್ಬದ ಎರಡು ಮುಖ ಓದಲು ಬರಬೇಕು. ಮುಂಬದಿಯಲ್ಲಿರುವ ‘ಫುಲ್ಲಿ ಸಿಂಥೆಟಿಕ್’, ‘ಅಲ್ಟ್ರಾ’, ‘ಪವರ್’ ಎಲ್ಲ ಪ್ರಚಾರದ ಭಾಷೆ. ಕಚ್ಚಾತೈಲವನ್ನೇ ತೀವ್ರವಾಗಿ ಶುದ್ಧೀಕರಿಸಿದ ಮೂರನೇ ಗುಂಪಿನ ಮೂಲತೈಲಕ್ಕೂ ಸಿಂಥೆಟಿಕ್ ಎಂಬ ಹೆಸರು ಸಲ್ಲುತ್ತದೆ. ಹಿಂಬದಿಯ ಸಣ್ಣಕ್ಷರದಲ್ಲಿರುವ ಎಪಿಐ ಎಸ್‌ಪಿ, ಯುರೋಪಿನ ಎಸಿಇಎ ಸಿ3, ಫೋಕ್ಸ್‌ವ್ಯಾಗನ್ 502 00ರಂಥ ಗುರುತುಗಳೇ ನಿಜವಾದ ಮಾಹಿತಿ. ಬಿಎಸ್-6 ಡೀಸೆಲ್ ಕಾರಿದ್ದವರಿಗಂತೂ ಇದು ಕಡ್ಡಾಯದ ಓದು. ಬೂದಿಯಂಶ ಹೆಚ್ಚಿರುವ ಆಯಿಲ್ ಹಾಕಿದರೆ ಹೊಗೆ ಸೋಸುವ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚಿನ ಮುಂದೆ ಆಯಿಲ್‌ನಲ್ಲಿ ಉಳಿಸಿದ ದುಡ್ಡು ಏನೇನೂ ಅಲ್ಲ.

ಇದೆಲ್ಲಕ್ಕಿಂತ ತೂಕದ ಪ್ರಶ್ನೆ ಬದಲಿಸುವ ಅವಧಿಯದು. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಎಂಬುದು ಸಾಮಾನ್ಯ ಲೆಕ್ಕ. ಅದರ ಪಕ್ಕದಲ್ಲೇ ಅನೇಕ ಕೈಪಿಡಿಗಳು ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿ ಕೊಟ್ಟು ಅವಧಿಯನ್ನು ತಗ್ಗಿಸುತ್ತವೆ. ಧೂಳು, ಎಂಜಿನ್ ಬಿಸಿಯೇರದ ಚಿಕ್ಕ ಓಡಾಟ, ನಿಂತಲ್ಲೇ ಉರಿಯುವ ಎಂಜಿನ್, ಇವೆಲ್ಲ ಅದರಲ್ಲಿವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ದಿನಾ ಆಫೀಸಿಗೆ ಹೋಗುವವರ ಕಾರು ಕಠಿಣ ಬಳಕೆಯದಲ್ಲದೆ ಮತ್ತೇನು? ಓಡೋಮೀಟರ್ ನಿಂತಿದ್ದರೂ ಎಂಜಿನ್ ತಿರುಗುತ್ತಲೇ ಇರುತ್ತದೆ. ಅರೆಬರೆ ಬಿಸಿಯಾದ ಎಂಜಿನ್ನಿನಲ್ಲಿ ಇಂಧನವೂ ನೀರಿನ ಅಂಶವೂ ಆವಿಯಾಗದೆ ಎಂಜಿನ್ ತಳದ ಆಯಿಲ್ ಸಂಪಿನಲ್ಲೇ ಉಳಿಯುತ್ತವೆ. ಕೋಟಿಂಗ್ ಬಾಟಲಿಗೆ ಹೋಗುವ ಹಣದಲ್ಲಿ ಇಂಥ ಕಾರಿನ ಆಯಿಲ್ ಮತ್ತು ಫಿಲ್ಟರನ್ನು ಆರೇಳು ಸಾವಿರ ಕಿಲೋಮೀಟರಿಗೇ ಬದಲಿಸುವುದು ಎಷ್ಟೋ ಲೇಸು.

ಅದಕ್ಕೆ ಗ್ರಾಹಕನ ತಿಳಿವಳಿಕೆಯೊಂದೇ ಸಾಲದು, ವರ್ಕ್‌ಶಾಪುಗಳ ರೂಢಿಯೂ ಬದಲಾಗಬೇಕು. ಬ್ಯಾರೆಲ್ಲಿನಿಂದ ಗನ್ ಹಿಡಿದು ತುಂಬುವ ಆಯಿಲ್‌ಗೆ ಬಿಲ್ಲಿನಲ್ಲಿ ‘ಎಂಜಿನ್ ಆಯಿಲ್, 3.5 ಲೀಟರ್’ ಎಂದಷ್ಟೇ ಬರೆದರೆ ಅದರ ದರ್ಜೆ ಯಾವುದೆಂದು ಗೊತ್ತಾಗುವುದಾದರೂ ಹೇಗೆ? ಸ್ನಿಗ್ಧತೆಯ ಅಂಕಿಯನ್ನೂ ಎಪಿಐ ಅಥವಾ ಎಸಿಇಎ ದರ್ಜೆಯನ್ನೂ ಬಿಲ್ಲಿನಲ್ಲೇ ನಮೂದಿಸುವಂತೆ ಪಟ್ಟು ಹಿಡಿಯಬೇಕು. ಹೊರಗಿನ ಗ್ಯಾರೇಜಾದರೆ ಸೀಲ್ ಒಡೆಯುವುದು ಕಣ್ಣೆದುರೇ ನಡೆಯಲಿ, ಖಾಲಿ ಡಬ್ಬ ಕಲಬೆರಕೆಯವರ ಕೈ ಸೇರದಂತೆ ತೂತು ಬೀಳಲಿ. ಇವಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಮತ್ತು ಎಂಜಿನ್ನಿನ ಆಯುಷ್ಯದ ಮಟ್ಟಿಗೆ ಯಾವ ಬಾಟಲಿಗಿಂತಲೂ ಇವು ಹೆಚ್ಚು ಬೆಲೆಬಾಳುತ್ತವೆ.